ಕಪಾಟಿನೊಳಗಿನ ಕಚೇರಿ: ದೋಷ ಪತ್ತೆ ಮತ್ತು ನಿವಾರಣೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮನೆಗಳಲ್ಲಿ ಮನೆಯಿಂದಲೇ ಕೆಲಸ ಮಾಡುವವರು ಕಚೇರಿಯಾಗಿ ಮಾರ್ಪಡಿಸುವ ಜಾಗ ಸಾಮಾನ್ಯವಾಗಿ ಎರಡರಲ್ಲಿ ಒಂದಾಗಿರುತ್ತದೆ: ಹಾಸಿಗೆ, ಟ್ರಂಕು, ಕಾಳಿನ ಡಬ್ಬಿಗಳನ್ನು ಇಡುತ್ತಿದ್ದ ನಾಲ್ಕಡಿ ಅಗಲ, ಐದಡಿ ಉದ್ದದ ಸಾಮಾನು ಖೋಲಿ, ಇಲ್ಲವೆ ಮಲಗುವ ಖೋಲಿಯ ಗೋಡೆಯಲ್ಲೇ ಕಡಪಾ ಕಲ್ಲಿನ ಹಲಗೆಗಳನ್ನು ಕೂಡಿಸಿ ಬಾಗಿಲು ಹಚ್ಚಿದ ಕಪಾಟು. ಎರಡನ್ನೂ ಕಟ್ಟಿಸಿದವರ ಉದ್ದೇಶ ಒಂದೇ ಆಗಿತ್ತು: ಒಳಗಿಟ್ಟ ವಸ್ತುವಿಗೆ ಧೂಳು, ಬಿಸಿಲು, ಇಲಿ ತಾಗಬಾರದು. ಆ ಉದ್ದೇಶಕ್ಕೆ ಒದಗಿದ ಗುಣಗಳೇ ಈಗ ಒಳಗೆ ಕುಳಿತ ಮನುಷ್ಯನಿಗೂ ಯಂತ್ರಕ್ಕೂ ಅಡ್ಡಿಯಾಗುತ್ತವೆ. ಆದರೆ ಅಡ್ಡಿಯ ಮೂಲ ಜಾಗದಲ್ಲಿದ್ದರೂ ಅದು ಕಾಣಿಸಿಕೊಳ್ಳುವುದು ಬೇರೆ ಕಡೆ. ಲ್ಯಾಪ್‌ಟಾಪ್ ನಿಧಾನವಾಯಿತೆಂದು ರಿಪೇರಿ ಅಂಗಡಿಗೆ, ನೆಟ್ ಕಡಿಯುತ್ತದೆಂದು ಇಂಟರ್ನೆಟ್ ಕೊಟ್ಟವರ ಬಳಿಗೆ, ತಲೆನೋವೆಂದು ಕಣ್ಣಿನ ವೈದ್ಯರ ಬಳಿಗೆ ಹೋಗುವ ಮೊದಲು ದೋಷ ಯಂತ್ರದ್ದೋ ಜಾಗದ್ದೋ ಎಂಬುದನ್ನು ಬೇರ್ಪಡಿಸಿಕೊಂಡರೆ ಹಣವೂ ಓಡಾಟವೂ ಉಳಿಯುತ್ತವೆ.

ಮೊದಲು ಬಾಗಿಲಿನ ಪರೀಕ್ಷೆ

ಯಾವ ದೋಷವೇ ಇರಲಿ, ಆರಂಭದ ಪರೀಕ್ಷೆ ಒಂದೇ. ದೋಷ ಕಾಣಿಸಿಕೊಳ್ಳುವ ಹೊತ್ತಿನಲ್ಲೇ, ಅದೇ ಕೆಲಸವನ್ನು, ಒಮ್ಮೆ ಬಾಗಿಲು ಪೂರ್ತಿ ತೆರೆದಿಟ್ಟು, ಇನ್ನೊಮ್ಮೆ ಪೂರ್ತಿ ಮುಚ್ಚಿ, ತಲಾ ಒಂದು ಗಂಟೆಯಾದರೂ ಮಾಡಿ ನೋಡಬೇಕು. ಬಾಗಿಲು ತೆರೆದಾಗ ಕಡಿಮೆಯಾಗುವ ದೋಷಗಳು ಬಹುತೇಕ ಗಾಳಿ, ಉಷ್ಣ, ಸಿಗ್ನಲ್ ಅಥವಾ ಧ್ವನಿಗೆ ಸೇರಿದವು. ಬಾಗಿಲು ಹೇಗಿದ್ದರೂ ಬದಲಾಗದ ದೋಷಗಳು ವಿದ್ಯುತ್ತು, ಗೋಡೆಯ ತೇವ ಅಥವಾ ಮೇಜಿನ ಅಳತೆಗೆ ಸೇರಿದವು. ಇದರ ಮೇಲೆ ಇನ್ನೊಂದು ಹೆಜ್ಜೆಯಾಗಿ ಅದೇ ಲ್ಯಾಪ್‌ಟಾಪನ್ನು ಅದೇ ಚಾರ್ಜರ್ ಸಮೇತ ಪಡಸಾಲೆಗೆ ಒಯ್ದು ಅದೇ ಕೆಲಸ ಮಾಡಬೇಕು. ಅಲ್ಲಿಯೂ ದೋಷ ಉಳಿದರೆ ಮಾತ್ರ ಯಂತ್ರವನ್ನು ಅನುಮಾನಿಸಬೇಕು.

ಒಮ್ಮೆಗೆ ಒಂದನ್ನೇ ಬದಲಿಸುವುದು ಇಲ್ಲಿ ಕಡ್ಡಾಯ. ಫ್ಯಾನ್ ಕೂಡಿಸಿ, ರೌಟರ್ ಸರಿಸಿ, ಹೊಸ ಎಕ್ಸ್‌ಟೆನ್ಷನ್ ಬೋರ್ಡ್ ತಂದು, ಎಲ್ಲವನ್ನೂ ಒಂದೇ ಭಾನುವಾರ ಮುಗಿಸಿದವರಿಗೆ ದೋಷ ಹೋದರೂ ಅದು ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಮರಳಿ ಬಂದಾಗ ಮೊದಲಿನಿಂದಲೇ ಹುಡುಕಬೇಕಾಗುತ್ತದೆ. ಬೇಕಾಗುವ ಸಾಮಗ್ರಿ ಕಡಿಮೆ: ಖೋಲಿಯ ಉಷ್ಣತೆ ತೋರಿಸುವ ಒಂದು ಅಗ್ಗದ ಉಷ್ಣಮಾಪಕ, ಅಳತೆ ಟೇಪು, ಒಂದು ಪ್ಲಾಸ್ಟಿಕ್ ಹಾಳೆ, ಮೊಬೈಲ್. ವಿದ್ಯುತ್ತಿನ ಭಾಗಕ್ಕೆ ಮಾತ್ರ ಮಲ್ಟಿಮೀಟರ್ ಬಳಸಬಲ್ಲ ಎಲೆಕ್ಟ್ರಿಷಿಯನ್ ಬೇಕು.

ಲ್ಯಾಪ್‌ಟಾಪ್ ನಿಧಾನವಾಗುವುದು, ತಾನಾಗಿ ಆರಿಹೋಗುವುದು

ಕೆಲಸ ಶುರುವಾದಾಗ ಸರಿಯಾಗಿದ್ದು, ಅರ್ಧ ಗಂಟೆಯ ನಂತರ ಒಳಗಿನ ಫ್ಯಾನ್ ಜೋರಾಗಿ ತಿರುಗತೊಡಗಿ, ಆಮೇಲೆ ಟೈಪ್ ಮಾಡಿದ ಅಕ್ಷರವೂ ತಡವಾಗಿ ಮೂಡುವ ಲ್ಯಾಪ್‌ಟಾಪಿನಲ್ಲಿ ಬಹುತೇಕ ಯಾವ ಭಾಗವೂ ಕೆಟ್ಟಿರುವುದಿಲ್ಲ. ಪ್ರೊಸೆಸರ್ ಅತಿಯಾಗಿ ಬಿಸಿಯಾದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ಯಂತ್ರ ತನ್ನ ರಕ್ಷಣೆಗಾಗಿ ಆರಿಹೋಗುತ್ತದೆ. ಅನೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಕೆಗೆ ತಕ್ಕ ಸುತ್ತಲಿನ ಉಷ್ಣತೆಯ ಮೇಲ್ಮಿತಿಯನ್ನು 35 ಡಿಗ್ರಿ ಸೆಲ್ಸಿಯಸ್ ಎಂದೇ ಬರೆದಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಉಷ್ಣತೆಯೇ 40 ದಾಟುವ ವಿಜಯಪುರದಲ್ಲಿ ಮುಚ್ಚಿದ ಕಪಾಟಿನ ಒಳಗೆ ಈ ಮಿತಿ ಮೀರಲು ಹೆಚ್ಚು ಹೊತ್ತು ಬೇಕಿಲ್ಲ.

ಎಷ್ಟು ಬೇಗ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ನಾಲ್ಕಡಿ, ಐದಡಿ, ಒಂಬತ್ತಡಿ ಎತ್ತರದ ಖೋಲಿಯಲ್ಲಿ ಇರುವ ಗಾಳಿ ಸುಮಾರು 5 ಘನ ಮೀಟರ್, ಎಂದರೆ ತೂಕದಲ್ಲಿ ಸುಮಾರು 6 ಕಿಲೋ. ಸುಮ್ಮನೆ ಕುಳಿತ ಮನುಷ್ಯನ ಮೈಯೇ ಸುಮಾರು 100 ವ್ಯಾಟ್ ಉಷ್ಣ ಹೊರಬಿಡುತ್ತದೆ. ಲ್ಯಾಪ್‌ಟಾಪ್ 50, ದೀಪ ಮತ್ತು ರೌಟರ್ ಸೇರಿ 20 ಎಂದು ಹಿಡಿದರೆ ಒಟ್ಟು 170 ವ್ಯಾಟ್. ಗೋಡೆಗಳು ಏನನ್ನೂ ಹೀರಿಕೊಳ್ಳದೆ ಗಾಳಿಯೂ ಹೊರಹೋಗದೆ ಇದ್ದರೆ ಇಷ್ಟು ಉಷ್ಣಕ್ಕೆ ಒಳಗಿನ ಗಾಳಿ ಸುಮಾರು 35 ಸೆಕೆಂಡಿಗೆ ಒಂದು ಡಿಗ್ರಿ ಏರಬೇಕು. ವಾಸ್ತವದಲ್ಲಿ ಗೋಡೆ, ನೆಲದ ಫರ್ಸಿ, ಕಡಪಾ ಹಲಗೆಗಳು ಬಹುಪಾಲನ್ನು ಹೀರಿಕೊಳ್ಳುವುದರಿಂದ ಏರಿಕೆ ನಿಧಾನವಾಗುತ್ತದೆ. ಆದರೆ ಅವು ಮೊದಲೇ ಕಾದಿದ್ದರೆ ಹೀರಲು ಅವುಗಳಲ್ಲಿ ಜಾಗವಿರುವುದಿಲ್ಲ.

ಹಾಗಾಗಿ ಇಲ್ಲಿ ಪತ್ತೆ ಹಚ್ಚಬೇಕಾದದ್ದು ಉಷ್ಣ ಎಲ್ಲಿಂದ ಬರುತ್ತಿದೆ ಎಂಬುದನ್ನು. ಉಷ್ಣಮಾಪಕವನ್ನು ಲ್ಯಾಪ್‌ಟಾಪ್ ಗಾಳಿ ಎಳೆದುಕೊಳ್ಳುವ ಬದಿಯಲ್ಲಿಟ್ಟು, ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆ ಏಳರ ಸುಮಾರಿಗೆ ಓದಿಕೊಳ್ಳಬೇಕು. ಯಾವ ಹೊತ್ತಿಗೆ ಕುಳಿತರೂ ಅರ್ಧ ಗಂಟೆಯಲ್ಲಿ ಉಷ್ಣತೆ ಏರಿ, ಬಾಗಿಲು ತೆರೆದ ಕೂಡಲೇ ಇಳಿದರೆ ಅದು ಒಳಗೇ ಹುಟ್ಟಿದ ಉಷ್ಣ. ಮದ್ದು ಗಾಳಿಯ ಓಡಾಟ. ಯಾರೂ ಕೂರದೆ ಇದ್ದ ಸಂಜೆಯಲ್ಲೂ ಖೋಲಿ ಕಾದಿದ್ದು, ಗೋಡೆಗೆ ಅಂಗೈ ಇಟ್ಟಾಗ ಗೋಡೆಯೇ ಗಾಳಿಗಿಂತ ಬಿಸಿಯಾಗಿ ತಾಗಿದರೆ ಅದು ಪಡುವಣ ಬಿಸಿಲನ್ನು ಮಧ್ಯಾಹ್ನವೆಲ್ಲ ಕುಡಿದ ಕಲ್ಲಿನ ಗೋಡೆಯ ಉಷ್ಣ. ದಪ್ಪ ಕರಿಕಲ್ಲಿನ ಗೋಡೆಯಲ್ಲಿ ಮಧ್ಯಾಹ್ನದ ಬಿಸಿಲು ಒಳಮೈಗೆ ತಲುಪುವುದು ಹಲವು ತಾಸುಗಳ ನಂತರ. ಅದಕ್ಕೇ ಹೊರಗೆ ತಂಪಾಗತೊಡಗಿದಾಗ ಒಳಗೆ ಕಾವು ಹೆಚ್ಚುತ್ತದೆ. ಎರಡನೆಯ ಬಗೆಯ ದೋಷಕ್ಕೆ ಒಳಗೆ ಫ್ಯಾನ್ ಹಾಕಿ ಉಪಯೋಗವಿಲ್ಲ. ಹೊರಗೋಡೆಗೆ ನೆರಳು, ಮೇಲೆ ಆರ್‌ಸಿಸಿ ಚಾವಣಿ ಇದ್ದರೆ ಅದಕ್ಕೆ ಬೇಸಿಗೆಗೆ ಮುನ್ನ ಬಿಳಿ ಸುಣ್ಣ, ಒಳಗಡೆ ಆ ಗೋಡೆಗೆ ತಾಗದಂತೆ ಎರಡು ಇಂಚು ಬಿಟ್ಟು ನಿಲ್ಲಿಸಿದ ಪ್ಲೈವುಡ್ ಹಲಗೆ, ಇವು ಕೆಲಸ ಮಾಡುತ್ತವೆ. ಕೆಲಸದ ಹೊತ್ತನ್ನು ಬೆಳಿಗ್ಗೆಗೆ ಸರಿಸಲು ಸಾಧ್ಯವಿದ್ದವರಿಗೆ ಅದಕ್ಕಿಂತ ಅಗ್ಗದ ಮದ್ದಿಲ್ಲ.

ಒಳಗೆ ಹುಟ್ಟಿದ ಉಷ್ಣವನ್ನು ಹೊರಹಾಕಲು ಎಷ್ಟು ಗಾಳಿ ಬೇಕು ಎಂಬುದೂ ಲೆಕ್ಕಕ್ಕೆ ಸಿಗುವ ವಿಷಯ. 170 ವ್ಯಾಟ್ ಉಷ್ಣವನ್ನು ಹೊತ್ತೊಯ್ಯುವ ಗಾಳಿ ಪಕ್ಕದ ಖೋಲಿಗಿಂತ 3 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದರೆ ಗಂಟೆಗೆ ಸುಮಾರು 170 ಘನ ಮೀಟರ್ ಗಾಳಿ ಹಾಯಬೇಕು. ಎಕ್ಸಾಸ್ಟ್ ಫ್ಯಾನ್ ಕೊಳ್ಳುವಾಗ ಡಬ್ಬಿಯ ಮೇಲೆ ಬರೆದಿರುವ ಈ ಸಂಖ್ಯೆಯನ್ನೇ ನೋಡಬೇಕು; ರೆಕ್ಕೆಯ ಅಳತೆ ಆಮೇಲಿನ ಮಾತು. ಫ್ಯಾನ್ ಹಾಕಿದ ಮೇಲೂ ಖೋಲಿ ತಂಪಾಗದಿದ್ದರೆ ದೋಷ ಸಾಮಾನ್ಯವಾಗಿ ಬಾಗಿಲಿನ ಕೆಳಗಿರುತ್ತದೆ. ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸದ್ದು ಮಾಡುತ್ತದೆಯೇ ಹೊರತು ಗಾಳಿ ತೆಗೆಯುವುದಿಲ್ಲ. ಒಂದು ಹಾಳೆಯ ಚೂರನ್ನು ಬಾಗಿಲಿನ ಸಂದಿಗೆ ಹಿಡಿದರೆ ಅದು ಒಳಕ್ಕೆ ಎಳೆದುಕೊಳ್ಳಬೇಕು. ಎಳೆಯದಿದ್ದರೆ ಬಾಗಿಲಿನ ಕೆಳಭಾಗದಲ್ಲಿ ಫ್ಯಾನಿನ ಬಾಯಿಯಷ್ಟೇ ವಿಸ್ತಾರದ ಜಾಲಿ ಕೂಡಿಸಬೇಕು. ಒಳಬರುವ ಗಾಳಿ ಪಡಸಾಲೆಯ ತಂಪು ಗಾಳಿಯಾಗಿರಲಿ. ಹೊರಗಿನ ಕಿಟಕಿಯಿಂದ ಮೇ ತಿಂಗಳ ಮಧ್ಯಾಹ್ನದ ಗಾಳಿಯನ್ನು ಎಳೆದುಕೊಂಡರೆ ಇದ್ದುದಕ್ಕಿಂತ ಕೆಡುಕೇ ಹೆಚ್ಚು. ಏರ್ ಕೂಲರ್ ಇದ್ದವರು ಅದನ್ನು ಪಡಸಾಲೆಯಲ್ಲೇ ಇಟ್ಟು ಆ ಗಾಳಿಯನ್ನು ಖೋಲಿಗೆ ಎಳೆದುಕೊಳ್ಳಬಹುದು. ವಿಜಯಪುರದ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ; ಬೆಳಗಾವಿಯ ಜುಲೈ ತಿಂಗಳಲ್ಲಿ ತೇವವನ್ನಷ್ಟೇ ಹೆಚ್ಚಿಸುತ್ತದೆ.

ತಲೆಭಾರ, ಆಕಳಿಕೆ, ಕಣ್ಣುರಿ

ಊಟದ ಮೇಲಿನ ಮಂಪರೆಂದು ಜನ ತಳ್ಳಿಹಾಕುವ ತಲೆಭಾರಕ್ಕೆ ಈ ಬಗೆಯ ಖೋಲಿಯಲ್ಲಿ ಕನಿಷ್ಠ ಮೂರು ಕಾರಣಗಳಿರಬಹುದು, ಅವುಗಳನ್ನು ಬೇರ್ಪಡಿಸುವುದು ಕಷ್ಟವೇನಲ್ಲ.

ಮೊದಲನೆಯದು ಹಳಸಿದ ಗಾಳಿ. ಕುಳಿತು ಕೆಲಸ ಮಾಡುವ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷದಲ್ಲಿ ಸುಮಾರು 420 ಭಾಗ ಮಾತ್ರ. ಮೇಲಿನ ಅಳತೆಯ ಖೋಲಿಯನ್ನು ಸಂದಿಯಿಲ್ಲದಂತೆ ಮುಚ್ಚಿದರೆ ಹತ್ತು ನಿಮಿಷದೊಳಗೆ ಅದು 1000 ಭಾಗ ಮುಟ್ಟುತ್ತದೆ, ಒಂದು ಗಂಟೆಗೆ 4000 ಭಾಗವನ್ನು ದಾಟುತ್ತದೆ. ಜೀವಕ್ಕೆ ಇದರಿಂದ ಅಪಾಯವಿಲ್ಲ; ಆದರೆ ಉಸಿರುಗಟ್ಟಿದ ಅನುಭವ, ಆಕಳಿಕೆ, ಓದಿದ ಸಾಲನ್ನೇ ಮತ್ತೆ ಓದುವ ಸ್ಥಿತಿ ಬರಲು ಇಷ್ಟು ಸಾಕು. ಬಾಗಿಲು ತೆರೆದು ಹತ್ತು ನಿಮಿಷ ಕುಳಿತಾಗ ತಲೆ ಹಗುರಾದರೆ ಕಾರಣ ಇದೇ. ಬೇಸಿಗೆಯಲ್ಲಿ ಉಷ್ಣಕ್ಕಾಗಿ ಹಾಕಿದ ಎಕ್ಸಾಸ್ಟ್ ಫ್ಯಾನನ್ನು ಚಳಿಗಾಲದಲ್ಲಿ ಆರಿಸುವವರಲ್ಲಿ ಈ ದೋಷ ಡಿಸೆಂಬರ್, ಜನವರಿಯಲ್ಲಿ ಮರಳಿ ಕಾಣಿಸುತ್ತದೆ ಎಂಬುದನ್ನು ಗಮನಿಸಬೇಕು.

ಎರಡನೆಯದು ನುಸಿಗುಳಿಗೆ. ಬಟ್ಟೆ, ಹಾಸಿಗೆ ಇಟ್ಟಿದ್ದ ಕಪಾಟಿನಲ್ಲಿ ವರ್ಷಗಟ್ಟಲೆ ನ್ಯಾಫ್ತಲೀನ್ ಗುಳಿಗೆಗಳನ್ನು ಹಾಕಿರುತ್ತಾರೆ. ಅವು ಕರಗಿ ಕಾಣದಾದ ಮೇಲೂ ಮರದ ಹಲಗೆ ಮತ್ತು ಮೂಲೆಗಳಲ್ಲಿ ವಾಸನೆ ಉಳಿಯುತ್ತದೆ, ಬಿಸಿಯಾದಾಗ ಹೊರಬರುತ್ತದೆ. ಸೀರೆಗಳಿಗೆ ಒಗ್ಗುವ ಈ ಹೊಗೆ ದಿನಕ್ಕೆ ಎಂಟು ತಾಸು ಅಲ್ಲೇ ಕೂರುವ ಮನುಷ್ಯನಿಗೆ ತಲೆನೋವು, ವಾಕರಿಕೆ ತರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ರಕ್ತಕಣಗಳನ್ನೇ ಒಡೆಯಬಲ್ಲದು. ಪರೀಕ್ಷೆ ಸರಳ: ರಾತ್ರಿ ಪೂರ್ತಿ ಖೋಲಿಯನ್ನು ಮುಚ್ಚಿಟ್ಟು, ಬೆಳಿಗ್ಗೆ ಹೊರಗಿನಿಂದ ಬಂದು ಬಾಗಿಲು ತೆರೆದ ಮೊದಲ ಉಸಿರಿನಲ್ಲೇ ವಾಸನೆಯನ್ನು ಗುರುತಿಸಬೇಕು. ಎರಡು ನಿಮಿಷ ಒಳಗೆ ನಿಂತರೆ ಮೂಗು ಒಗ್ಗಿಕೊಂಡು ಏನೂ ತಿಳಿಯುವುದಿಲ್ಲ. ನುಸಿಗುಳಿಗೆಯ ವಾಸನೆ ಬಂದರೆ ಉಳಿದ ಚೂರುಗಳನ್ನೆಲ್ಲ ತೆಗೆದು, ಹಲಗೆಗಳನ್ನು ಸೋಪಿನ ನೀರಿನಿಂದ ಒರೆಸಿ, ಬಾಗಿಲು ತೆರೆದು ಗಾಳಿಗೆ ಬಿಡಬೇಕು. ಹೊಸ ಪ್ಲೈವುಡ್ಡಿನ ಅಂಟು ಮತ್ತು ಬಣ್ಣದ ಕಣ್ಣುರಿಸುವ ವಾಸನೆ ಬಂದರೂ ಮದ್ದು ಅದೇ. ಊದುಬತ್ತಿ ಹಚ್ಚಿ ವಾಸನೆ ಮರೆಸುವುದು ಈ ಅಳತೆಯ ಖೋಲಿಯಲ್ಲಿ ಹೊಗೆಗೆ ಹೊಗೆ ಸೇರಿಸಿದಂತೆ.

ಮೂರನೆಯದು ದೀಪದ ಮಿನುಗು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು; ಕೀಳು ದರ್ಜೆಯ ಎಲ್‌ಇಡಿ ಪಟ್ಟಿ ಅಥವಾ ಬಲ್ಬಿನಲ್ಲಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ನೇರವಾಗಿ ಕಾಣದಿದ್ದರೂ ಮೊಬೈಲ್ ಕ್ಯಾಮೆರಾವನ್ನು ದೀಪದ ಹತ್ತಿರ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದರೆ ದೀಪ ಮಿನುಗುತ್ತಿದೆ. ಕಿಟಕಿಯ ಬೆಳಕಿರುವ ಖೋಲಿಯಲ್ಲಿ ಇದು ಅಷ್ಟಾಗಿ ಬಾಧಿಸದು. ಕಪಾಟಿನಲ್ಲಿ ಬೇರೆ ಬೆಳಕೇ ಇಲ್ಲದಿರುವುದರಿಂದ ಬಾಧಿಸುತ್ತದೆ. ದೀಪ ಬದಲಿಸುವಾಗ ಅದನ್ನು ಕುಳಿತವರ ಬೆನ್ನ ಹಿಂದೆ ಹಾಕಬಾರದು, ಪರದೆಯ ಮೇಲ್ಭಾಗದ ಹಲಗೆಯ ಮುಂಚೂಣಿಗೆ ಗೋಡೆಯತ್ತ ತಿರುಗಿಸಿ ಹಾಕಬೇಕು.

ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುವುದು, ಬೋರ್ಡು ಬಿಸಿಯಾಗುವುದು

ಈ ಭಾಗದಲ್ಲಿ ಉದಾಸೀನ ಸಲ್ಲದು. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜರಿಗೆ ಹಚ್ಚಿದಾಗ ಮುಂಗೈಗೆ ಜುಮುಜುಮು ತಾಗಿ, ಚಾರ್ಜರ್ ಕಿತ್ತಾಗ ನಿಂತುಹೋದರೆ, ಆ ಪಾಯಿಂಟಿಗೆ ಅರ್ಥಿಂಗ್ ಇಲ್ಲ ಅಥವಾ ಚಾರ್ಜರಿನ ಪಿನ್ನು ಅರ್ಥಿಂಗನ್ನು ಬಳಸುತ್ತಿಲ್ಲ ಎಂದು ತಿಳಿಯಬೇಕು. ಚಾರ್ಜರಿನ ಒಳಗೆ ವಿದ್ಯುತ್ತಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರುಗಳ ಮೂಲಕ ಅತ್ಯಲ್ಪ ಪ್ರವಾಹ ಮೈಗೆ ಬರುವುದು ಸಹಜ. ಅದು ಅರ್ಥಿಂಗಿನ ಮೂಲಕ ನೆಲಕ್ಕೆ ಇಳಿಯಬೇಕು, ಆ ದಾರಿ ಇಲ್ಲದಾಗ ಕೈಯ ಮೂಲಕ ಇಳಿಯುತ್ತದೆ. ಮೊದಲು ನೋಡಬೇಕಾದದ್ದು ಪಿನ್ನು: ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಕನ್ವರ್ಟರ್ ಹಾಕಿ ಹಳೆಯ ಬೋರ್ಡಿಗೆ ಚುಚ್ಚಿದ್ದರೆ ಅರ್ಥಿಂಗ್ ಅಲ್ಲಿಯೇ ಕಡಿದಿರುತ್ತದೆ. ಕನ್ವರ್ಟರ್ ಇಲ್ಲದೆಯೂ ಜುಮ್ಮೆಂದರೆ ಪಾಯಿಂಟನ್ನೇ ಅಳೆಸಬೇಕು.

ಇಲ್ಲಿ ಎಲೆಕ್ಟ್ರಿಷಿಯನ್ನರಿಂದ ಬರುವ ಸಾಮಾನ್ಯ ಉತ್ತರ, “ಟೆಸ್ಟರ್ ಹಚ್ಚಿ ನೋಡೇನ್ರಿ ಸರ, ಅರ್ಥಿಂಗ್ ಬರೋಬ್ಬರಿ ಐತಿ” ಎಂಬುದು. ಟೆಸ್ಟರ್ ಫೇಸ್ (ಕರೆಂಟು ಹೊತ್ತು ತರುವ ತಂತಿ) ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ತೋರಿಸುತ್ತದೆ, ಅರ್ಥಿಂಗನ್ನು ತೋರಿಸಲಾರದು. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ (ಕರೆಂಟು ಮರಳುವ ತಂತಿ) ನಡುವೆ 230 ವೋಲ್ಟಿನ ಆಸುಪಾಸು ಬಂದು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬಂದು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟು ಮಾತ್ರ ಇದ್ದರೆ ಮೊದಲ ಹಂತ ಸರಿ. ಮೀಟರಿಗೆ ಬಹಳ ಕಡಿಮೆ ಪ್ರವಾಹ ಸಾಕಾಗುವುದರಿಂದ ಸವೆದ ಅರ್ಥಿಂಗ್ ಕೂಡ ಅದರಲ್ಲಿ ಸರಿಯಿದ್ದಂತೆ ಕಾಣಬಹುದು. ಅದಕ್ಕಾಗಿ ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಹಳೆಯ ಬಲ್ಬನ್ನು ಹಚ್ಚಿ ನೋಡುವುದು ಅನುಭವಸ್ಥರ ಕ್ರಮ. ಬಲ್ಬು ಪೂರ್ಣ ಪ್ರಕಾಶದಿಂದ ಉರಿದರೆ ಅರ್ಥಿಂಗ್ ಪ್ರವಾಹ ಹೊರುತ್ತಿದೆ. ಮಂದವಾಗಿ ಉರಿದರೆ ಅಥವಾ ಉರಿಯದಿದ್ದರೆ ಅರ್ಥಿಂಗ್ ಹೆಸರಿಗೆ ಮಾತ್ರ. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಪ್ರವಾಹ ನೆಲಕ್ಕೆ ಸೋರಿದರೆ ಕರೆಂಟು ಕಡಿಯುವ ಸ್ವಿಚ್ಚು) ಇದ್ದರೆ ಈ ಬಲ್ಬು ಹಚ್ಚಿದೊಡನೆ ಅದು ಬೀಳಬೇಕು, ಅದು ಸರಿಯಾದ ಲಕ್ಷಣವೇ. ಈ ಪರೀಕ್ಷೆಯನ್ನು ಮನೆಯವರು ಮಾಡಬಾರದು.

ಎರೆಮಣ್ಣಿನ ಊರುಗಳಲ್ಲಿ ಒಂದು ವಿಶೇಷ ಕಾರಣವಿದೆ. ಮಳೆಗಾಲದಲ್ಲಿ ಉಬ್ಬುವ ಈ ಮಣ್ಣು ಬೇಸಿಗೆಯಲ್ಲಿ ಒಣಗಿ, ಕುಗ್ಗಿ, ಬಿರಿಯುತ್ತದೆ. ಅರ್ಥಿಂಗ್ ಗುಂಡಿಯ ಪೈಪಿನಿಂದ ಮಣ್ಣು ದೂರ ಸರಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಮಳೆಗಾಲದಲ್ಲಿ ಇಲ್ಲದ ಜುಮುಜುಮು ಮಾರ್ಚಿನ ನಂತರ ಶುರುವಾದರೆ ವೈರಿಂಗ್ ಒಡೆಸುವ ಮುನ್ನ ಗುಂಡಿಗೆ ನಾಲ್ಕಾರು ಕೊಡ ನೀರು ಹಾಕಿ ಮರುದಿನ ಮತ್ತೆ ಅಳೆಸಬೇಕು. ನೀರಿನಿಂದ ಸರಿಹೋದರೆ ಬೇಸಿಗೆ ಮುಗಿಯುವ ತನಕ ವಾರಕ್ಕೊಮ್ಮೆ ನೀರು ಹಾಕುವುದು, ಇದ್ದಿಲು ಮತ್ತು ಉಪ್ಪು ತುಂಬಿ ಗುಂಡಿಯನ್ನು ಹೊಸದಾಗಿಸುವುದು ಸಾಕಾಗುತ್ತದೆ. ಅರ್ಥಿಂಗ್ ಇಲ್ಲದ ಪಾಯಿಂಟಿನಲ್ಲಿ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರು ಎಳೆದು ಅರ್ಥ್ ಪಿನ್ನಿಗೆ ಕೊಟ್ಟು ಕೆಲಸ ಮುಗಿಸುವವರಿದ್ದಾರೆ. ಅದನ್ನು ಯಾವ ಕಾರಣಕ್ಕೂ ಒಪ್ಪಬಾರದು. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಆ ಪಾಯಿಂಟಿಗೆ ಹಚ್ಚಿದ ಪ್ರತಿಯೊಂದು ಯಂತ್ರದ ಲೋಹದ ಮೈಗೆ 230 ವೋಲ್ಟ್ ಬರುತ್ತದೆ.

ಬೋರ್ಡು ಬಿಸಿಯಾಗುವ ದೋಷವನ್ನು ಹೊರೆ ಹೆಚ್ಚಾಯಿತೆಂದು ವಿವರಿಸುವುದು ರೂಢಿ. ಲ್ಯಾಪ್‌ಟಾಪ್, ಮಾನಿಟರ್, ರೌಟರ್, ದೀಪ, ಸಣ್ಣ ಫ್ಯಾನ್ ಎಲ್ಲ ಸೇರಿದರೂ 165 ವ್ಯಾಟಿನ ಸುಮಾರು, ಎಂದರೆ ಒಂದು ಆಂಪಿಯರಿಗೂ ಕಡಿಮೆ. 6 ಆಂಪಿಯರಿನ ಪಾಯಿಂಟು ಇದಕ್ಕೆ ಬಿಸಿಯಾಗಬೇಕಾದ ಕಾರಣವೇ ಇಲ್ಲ. ಬಿಸಿಯಾದರೆ ಒಳಗೆ ಸ್ಕ್ರೂ ಸಡಿಲವಾಗಿದೆ, ಸಾಕೆಟ್ಟಿನ ಹಿಡಿತ ಸತ್ತಿದೆ, ಅಥವಾ ಅದೇ ಬೋರ್ಡಿಗೆ ಮನೆಯವರು ಇಸ್ತ್ರಿ ಪೆಟ್ಟಿಗೆ ಹಚ್ಚುತ್ತಿದ್ದಾರೆ. 1000 ವ್ಯಾಟಿನ ಇಸ್ತ್ರಿ ಒಂದೇ 4 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಬಟ್ಟೆಯ ಕಪಾಟಿನ ಪಕ್ಕದ ಪಾಯಿಂಟು ಇಸ್ತ್ರಿಗೆಂದೇ ಬಳಕೆಯಾಗಿದ್ದಿರಬಹುದಾದ್ದರಿಂದ ಇದನ್ನು ಮೊದಲು ವಿಚಾರಿಸಬೇಕು. ಇನ್ನು, ಕರೆಂಟು ಹೋಗಿ ಇನ್ವರ್ಟರ್ ಹತ್ತಿದ ಕ್ಷಣಕ್ಕೆ ಸರಿಯಾಗಿ ಆರ್‌ಸಿಸಿಬಿ ಬೀಳುತ್ತಿದ್ದರೆ ಹೊಸ ಪಾಯಿಂಟಿನ ನ್ಯೂಟ್ರಲ್, ಇನ್ವರ್ಟರಿನ ನ್ಯೂಟ್ರಲ್ ಮತ್ತು ಮೇನ್ ನ್ಯೂಟ್ರಲ್ ಎಲ್ಲೋ ಬೆರೆತಿವೆ ಎಂದು ಎಲೆಕ್ಟ್ರಿಷಿಯನ್ನರಿಗೆ ಹೇಳಿದರೆ ಅವರ ಹುಡುಕಾಟ ಅರ್ಧಕ್ಕಿಳಿಯುತ್ತದೆ.

ವಿಡಿಯೋ ಕರೆ ಕಡಿಯುವುದು

ಹಳೆಯ ಊರಿನ ಮನೆಗಳ ಒಂದೂವರೆ, ಎರಡಡಿ ದಪ್ಪದ ಕಲ್ಲಿನ ಗೋಡೆಗಳು ವೈಫೈಗೆ ದೊಡ್ಡ ಅಡ್ಡಿ. ಅದಕ್ಕಿಂತ ದೊಡ್ಡದು ಗೋಡೆಗೆ ಒರಗಿಸಿಟ್ಟ ಉಕ್ಕಿನ ಕಪಾಟು. ಮೊಬೈಲಿನಲ್ಲಿ ಸಿಗ್ನಲ್ ಬಲ ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಂಡು, ರೌಟರಿನ ಪಕ್ಕ, ಖೋಲಿಯ ಹೊಸ್ತಿಲು, ಖೋಲಿಯ ಒಳಗೆ ಬಾಗಿಲು ಮುಚ್ಚಿ, ಹೀಗೆ ಮೂರು ಕಡೆ ಓದಬೇಕು. ಮೈನಸ್ 50 ಡಿಬಿಎಂ (ಸಿಗ್ನಲ್ ಬಲದ ಅಳತೆ) ಉತ್ತಮ, ಮೈನಸ್ 67ರ ತನಕ ವಿಡಿಯೋ ಕರೆ ನಡೆಯುತ್ತದೆ, ಮೈನಸ್ 80 ಆದರೆ ಕಡಿಯುತ್ತದೆ. ಹೊಸ್ತಿಲಿನಲ್ಲೇ ಸಿಗ್ನಲ್ ಬಿದ್ದಿದ್ದರೆ ದೋಷ ರೌಟರಿನ ಸ್ಥಾನದ್ದು. ಹೊಸ್ತಿಲಿನಲ್ಲಿ ಚೆನ್ನಾಗಿದ್ದು ಒಳಗೆ ಬಿದ್ದರೆ ಖೋಲಿಯದು. ಮೂರೂ ಕಡೆ ಚೆನ್ನಾಗಿದ್ದು ಕರೆ ಮಾತ್ರ ಕಡಿದರೆ ಆಗ ಇಂಟರ್ನೆಟ್ ಕೊಟ್ಟವರನ್ನು ಕೇಳಬಹುದು.

ರೌಟರಿನ 5 ಗಿಗಾಹರ್ಟ್ಸ್ ವೈಫೈ ಜಾಲ ವೇಗದ್ದಾದರೂ ಕಲ್ಲಿನ ಗೋಡೆಯನ್ನು ದಾಟುವುದರಲ್ಲಿ 2.4 ಗಿಗಾಹರ್ಟ್ಸಿಗಿಂತ ಹಿಂದೆ. ಒಳಗೆ ಕುಳಿತಾಗ ಜಾಲ ಬದಲಿಸಿ ನೋಡುವುದಕ್ಕೆ ಖರ್ಚಿಲ್ಲ. ಶಾಶ್ವತ ಪರಿಹಾರ ಬೇಕೆಂದರೆ ರೌಟರಿನಿಂದ ಖೋಲಿಗೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಯುವುದೇ ಸರಿ, 100 ಮೀಟರಿನ ತನಕ ಅದಕ್ಕೆ ಯಾವ ತೊಂದರೆಯೂ ಇಲ್ಲ. ಅದನ್ನು ವಿದ್ಯುತ್ ವೈರಿನ ಪೈಪಿನಲ್ಲೇ ತುರುಕಬಾರದು. ಕರೆಂಟು ಹೋದಾಗ ಮಾತ್ರ ಕರೆ ಕಡಿಯುವುದಾದರೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿದ್ದರೂ ರೌಟರ್ ಆರಿರುತ್ತದೆ ಅಷ್ಟೇ. ರೌಟರಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು.

ಧ್ವನಿ ಡಬ್ಬಿಯಿಂದ ಬಂದಂತೆ ಕೇಳುವುದು

ಗೋಳಗುಮ್ಮಟದ ಊರಿನಲ್ಲಿ ಇದನ್ನು ಪ್ರತಿಧ್ವನಿ ಎಂದು ಕರೆಯುವುದು ಸಹಜ, ಆದರೆ ದೋಷ ಬೇರೆ. ಪ್ರತಿಧ್ವನಿ ಪ್ರತ್ಯೇಕವಾಗಿ ಕೇಳಿಸಬೇಕಾದರೆ ಎದುರಿನ ಗೋಡೆ ಸುಮಾರು 17 ಮೀಟರ್ ದೂರವಾದರೂ ಇರಬೇಕು. ನಾಲ್ಕಡಿ ಅಗಲದ ಖೋಲಿಯಲ್ಲಿ ಆಗುವುದು ಅನುರಣನ: ಎದುರುಬದುರು ಗೋಡೆಗಳ ನಡುವೆ 143 ಹರ್ಟ್ಸಿನ ಸುಮಾರಿನ ಸ್ವರ ಸೇರಿಕೊಂಡು ಹಿಗ್ಗುತ್ತದೆ, ಗಂಡಸರ ಮಾತಿನ ಮೂಲ ಸ್ವರ ಇರುವುದೂ ಈ ಆಸುಪಾಸಿನಲ್ಲೇ. ಮೇಲಿನ ಹಲಗೆಗಳಿಂದ ಬಟ್ಟೆ ತೆಗೆದ ಮೇಲೆಯೇ ಈ ದೋಷ ಶುರುವಾಯಿತೇ ಎಂದು ನೆನಪು ಮಾಡಿಕೊಳ್ಳಬೇಕು. ಹಾಗಿದ್ದರೆ ಮದ್ದು ಗೊತ್ತಾದಂತೆಯೇ. ಚಪ್ಪಾಳೆ ತಟ್ಟಿದಾಗ ಝಣ್ ಎಂದರೆ ಬೆನ್ನ ಹಿಂದಿನ ಗೋಡೆಗೆ ಒಂದು ದಪ್ಪ ಕೌದಿ ತೂಗುಹಾಕಿದರೆ ಬಹಳಷ್ಟು ಹೋಗುತ್ತದೆ. ಹಲವು ಪದರ ಹಳೆಯ ಸೀರೆಗಳನ್ನು ಒತ್ತೊತ್ತಾಗಿ ಹೊಲಿದ ನಮ್ಮ ಕಡೆಯ ಕೌದಿ ಈ ಕೆಲಸಕ್ಕೆ ಅಂಗಡಿಯ ಸ್ಪಂಜಿನ ಹಾಳೆಗಳಿಗೆ ಏನೂ ಕಡಿಮೆಯಿಲ್ಲ. ಚಪ್ಪಾಳೆ ಸರಿಹೋದರೂ ಮಾತು ಗುಂಯ್‌ಗುಡುತ್ತಲೇ ಇದ್ದರೆ ಅದು ಕೌದಿಗೆ ಬಗ್ಗದ ಕೆಳಸ್ವರ. ಬಾಯಿಯ ಹತ್ತಿರ ಮೈಕ್ ಇರುವ ಹೆಡ್‌ಸೆಟ್ ಹಾಕುವುದು, ಕರೆಯ ಹೊತ್ತಿಗೆ ಬಾಗಿಲನ್ನು ಅರ್ಧ ತೆರೆಯುವುದು ಇದಕ್ಕೆ ದಾರಿ. ಕೌದಿ ಜಾಲಿಯನ್ನಾಗಲಿ ಪಾಯಿಂಟನ್ನಾಗಲಿ ಮುಚ್ಚದಂತೆ ನೋಡಿಕೊಳ್ಳಬೇಕು.

ಮುಗ್ಗಲು ವಾಸನೆ, ಬೂಸ್ಟು, ಬಿಳಿ ಪುಡಿ

ಇದು ಬೆಳಗಾವಿಯವರಿಗೆ ಹೆಚ್ಚು, ಜೂನಿನಿಂದ ಸೆಪ್ಟೆಂಬರ್ ತನಕ. ವಿಜಯಪುರದಲ್ಲಿ ಕಪಾಟಿನ ಹಿಂದೆ ಬಚ್ಚಲಮನೆ ಇದ್ದರೆ ವರ್ಷವಿಡೀ. ತೇವ ಗಾಳಿಯಿಂದ ಬರುತ್ತಿದೆಯೋ ಗೋಡೆಯಿಂದಲೋ ಎಂದು ಬೇರ್ಪಡಿಸಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ, ಎಂದರೆ ಗೋಡೆಯ ಬದಿಗೆ, ಹನಿಗಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಹನಿಗಟ್ಟಿದರೆ ಖೋಲಿಯ ಗಾಳಿಯ ತೇವವೇ ತಣ್ಣನೆಯ ಗೋಡೆಗೆ ಇಳಿಯುತ್ತಿದೆ. ಎರಡನೆಯದಕ್ಕೆ ಗಾಳಿಯ ಓಡಾಟ ಸಾಕು. ಮೊದಲನೆಯದಕ್ಕೆ ಮೂಲ ಹುಡುಕಬೇಕು: ತೇವದ ಗುರುತು ನೆಲದಿಂದ ಮೇಲೇರಿ ಮೂರಡಿಯೊಳಗೆ ನಿಂತು, ಅದರ ಅಂಚಿನಲ್ಲಿ ಬಿಳಿ ಉಪ್ಪಿನ ಪುಡಿ ಉದುರಿದರೆ ಅದು ತಳಪಾಯದಿಂದ ಏರಿದ ನೀರು, ಸೊಂಟದ ಎತ್ತರದಲ್ಲಿ ಒಂದೇ ಕಡೆ ದುಂಡಗೆ ಕಂಡರೆ ಆಚೆ ಬದಿಯ ನಲ್ಲಿಯ ಪೈಪು, ಮಳೆ ಬಂದು ಒಂದೆರಡು ದಿನಕ್ಕೆ ಮೇಲಿನಿಂದ ಇಳಿದರೆ ಚಾವಣಿ ಅಥವಾ ಹೊರಗೋಡೆಯ ಬಿರುಕು. ಯಾವುದೇ ಆದರೂ ಒಳಗಡೆ ಆಯಿಲ್ ಪೇಂಟು ಬಳಿದು ಮುಚ್ಚುವುದು ಪರಿಹಾರವಲ್ಲ, ನೀರು ಬಣ್ಣದ ಹಿಂದೆ ನಿಂತು ಗಿಲಾವನ್ನೇ ಕಿತ್ತುಹಾಕುತ್ತದೆ. ಮೇಜಿನ ಹಲಗೆ ಗೋಡೆಗೆ ತಾಗದಂತೆ ಒಂದಿಂಚು ಬಿಡಬೇಕು, ಹೊಸದಾಗಿ ಹಾಕುವುದಿದ್ದರೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಹಾಕಬೇಕು. ಬಿಳಿ ಪುಡಿಯ ಬದಲು ಮಣ್ಣಿನ ಸಣ್ಣ ಕೊಳವೆಗಳು ಗೋಡೆಗುಂಟ ಏರಿದ್ದರೆ ಅದು ತೇವದ ದೋಷವಲ್ಲ, ಗೆದ್ದಲು. ಕೊಳವೆ ಉದುರಿಸಿ ಸುಮ್ಮನಾಗದೆ ಔಷಧಿ ಹೊಡೆಸುವವರನ್ನು ಕರೆಸಬೇಕು.

ಕುತ್ತಿಗೆ ಮತ್ತು ಸೊಂಟದ ನೋವು

ಕಪಾಟಿನ ಕಡಪಾ ಹಲಗೆಯ ಆಳ ಸಾಮಾನ್ಯವಾಗಿ ಒಂದೂವರೆ ಅಡಿಯೊಳಗೆ, ಎತ್ತರ ಮೂರಡಿಯ ಸುಮಾರು. ಕೂತು ಬರೆಯುವ ಮೇಜಿಗೆ ಎರಡಡಿ ಆಳ, 28ರಿಂದ 30 ಇಂಚು ಎತ್ತರ ಬೇಕು. ಟೇಪು ಹಿಡಿದರೆ ನೋವಿನ ಕಾರಣ ಅಲ್ಲೇ ಸಿಗುತ್ತದೆ. ಭುಜ ಮೇಲೆತ್ತಿ ಟೈಪ್ ಮಾಡುವಂತಿದ್ದರೆ ಹಲಗೆ ಎತ್ತರ, ಮಂಡಿ ಗೋಡೆಗೆ ತಾಗುತ್ತಿದ್ದರೆ ಆಳ ಸಾಲದು, ಗದ್ದ ಎದೆಗೆ ತಾಗುವಂತಿದ್ದರೆ ಪರದೆ ಕೆಳಗಿದೆ. ಕಡಪಾ ಹಲಗೆಯನ್ನು ಮುಂದಕ್ಕೆ ಎಳೆದು ಆಧಾರವಿಲ್ಲದೆ ತೂಗಬಿಡಬಾರದು. ಆ ಕಲ್ಲು ಬಾಗುವುದಿಲ್ಲ, ಸೂಚನೆ ಕೊಡದೆ ಮುರಿಯುತ್ತದೆ. ಅದರ ಮೇಲೆ ಎರಡಡಿ ಆಳದ ಪ್ಲೈವುಡ್ ಹಲಗೆ ಹಾಸಿ ಮುಂಭಾಗಕ್ಕೆ ಎರಡು ಕಾಲು ಕೊಡುವುದು, ಹಲಗೆ ಎತ್ತರವಾಗಿದ್ದರೆ ಕುರ್ಚಿ ಏರಿಸಿ ಕಾಲಕೆಳಗೆ ಮಣೆ ಇಡುವುದು ಬಡಿಗರಿಗೆ ಅರ್ಧ ದಿನದ ಕೆಲಸ.

ಬಾಗಿಲು ಬಿಗಿಯುವುದು

ಮಳೆಗಾಲದಲ್ಲಿ ಮಾತ್ರ ಬಿಗಿದು ದೀಪಾವಳಿಯ ನಂತರ ಸಡಿಲಾದರೆ, ಚೌಕಟ್ಟಿನ ಮೂಲೆಯಲ್ಲಿ ಬಿರುಕೂ ಇಲ್ಲದಿದ್ದರೆ, ಮರ ಉಬ್ಬಿದ್ದಷ್ಟೇ. ಮೇಣದ ಬತ್ತಿ ಉಜ್ಜಿ ಕಾಯುವುದು ಸಾಕು. ಬಾಗಿಲಿನ ಮೇಲಿನ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದು, ಬಾಗಿಲು ಒಂದೇ ಮೂಲೆಯಲ್ಲಿ ತಾಗುತ್ತಿದ್ದರೆ ತಳದ ಎರೆಮಣ್ಣು ಉಬ್ಬಿ ಕುಗ್ಗಿ ಗೋಡೆಯನ್ನೇ ಸರಿಸುತ್ತಿದೆ. ಅಂಥಲ್ಲಿ ಉಜ್ಜುಗೊರಡು ಹಾಕಿ ಬಾಗಿಲನ್ನು ಸವೆಸಿದರೆ ಮಣ್ಣು ಮರಳಿ ಕುಗ್ಗಿದಾಗ ಬೆರಳು ತೂರುವ ಸಂದಿ ಬೀಳುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಮತ್ತು ಅಗಲವನ್ನು ಬರೆದು, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯಲು ಬಿಡಬೇಕು. ಋತುವಿಗೆ ತಕ್ಕಂತೆ ತೆರೆದು ಮುಚ್ಚುವ ಬಿರುಕಿದ್ದರೆ ಬಾಗಿಲಿನ ಕೀಲನ್ನು ಸರಿಸಿ ಹೊಂದಿಸಿಕೊಂಡು ಇರಬಹುದು. ಗೆರೆ ದಾಟಿ ಬೆಳೆಯುತ್ತಲೇ ಇದ್ದರೆ ಬಡಿಗರನ್ನು ಬಿಟ್ಟು ಕಟ್ಟಡದ ಎಂಜಿನಿಯರಿಗೆ ತೋರಿಸಬೇಕು, ಅಲ್ಲಿಯ ತನಕ ಆ ಗೋಡೆಗೆ ಹೊಸ ಹಲಗೆಯನ್ನಾಗಲಿ ಪುಸ್ತಕದ ಭಾರವನ್ನಾಗಲಿ ಏರಿಸಬಾರದು.